ಹನ್ನೊಂದು ಜಿಬಿ ನುಂಗಿದ ಅತ್ತೆ

ಕಣ್ಣಾಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಸರ್ವರಮ್ಮ ಎಂದು. ನೆಲಮಾಳಿಗೆಯಲ್ಲಿ ಸದಾ ಗುಯ್ಯೆನ್ನುವ ಹಳೆಯ ಸರ್ವರೊಂದನ್ನು ಅವಳು ಕೂಸಿನಂತೆ ಸಾಕಿಕೊಂಡು ಬಂದಿದ್ದಳು. ಅದರಲ್ಲಿ ಅವಳೇ ಬರೆದ ಪ್ರೋಗ್ರಾಮೊಂದಿತ್ತು. ಆಪರೇಷನ್ ಆಗಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು ಔಷಧಿ ಚೀಟಿ ಓದುವುದಾದರೂ ಹೇಗೆ? ಫೋನ್ ಮಾಡಿದರೆ ಸಾಕು, ಯಾವ ಹನಿ ಯಾವಾಗ ಎಂದು ಒಂದು ದನಿ ಹೇಳುತ್ತಿತ್ತು. ಆ ದನಿ ಅವಳ ಅತ್ತೆಯದು. ರೆಕಾರ್ಡಿಂಗಿನ ಕೊನೆಯಲ್ಲಿ "ಕಣ್ಣು ಉಜ್ಜಬೇಡಿ ಅಂದ್ನಲ್ಲ!" ಎಂದು ಅತ್ತೆ ಗದರಿದ್ದೂ ಹಾಗೆಯೇ ಉಳಿದಿತ್ತು. ಕೇಳಿದ ರೋಗಿಗಳು ಬೆಚ್ಚಿ ಕೈ ಇಳಿಸುತ್ತಿದ್ದರು.

ಆ ವಾರ ಸರ್ವರು ತೆವಳತೊಡಗಿತು. ಒಂದು ರಿಪೋರ್ಟು ತೆರೆಯುವಷ್ಟರಲ್ಲಿ ಡಾಕ್ಟರುಗಳ ತಾಳ್ಮೆ ಮುಗಿಯುತ್ತಿತ್ತು. ಆಡಳಿತಾಧಿಕಾರಿ ದಡದಡ ಕೆಳಗಿಳಿದು ಬಂದವರೇ ಪರದೆಯ ಮೇಲೆ ಅತ್ತೆಯ ಪ್ರೋಗ್ರಾಮಿನ ಎದುರಿದ್ದ ಸ್ವಾಪ್ ಎಂಬ ಕಾಲಮ್ಮಿಗೆ ಬೆರಳಿಟ್ಟರು.

"ಹನ್ನೊಂದು ಜಿಬಿ! ನಿಮ್ಮತ್ತೆ ಒಬ್ರೇ ನುಂಗಿ ಕೂತಿದ್ದಾರೆ. ಸಂಜೆಯೊಳಗೆ ತೆಗೆದುಹಾಕಿ."

"ಸರ್, ಆ ಕಾಲಮ್ಮು ಸುಳ್ಳು ಹೇಳ್ತಿದೆ."

"ಮಷೀನ್ ಯಾಕ್ರೀ ಸುಳ್ಳು ಹೇಳುತ್ತೆ?"

ಅವಳ ಮೈಯೆಲ್ಲ ಉರಿಯಿತು. ಆದರೂ ಹಲ್ಲು ಕಚ್ಚಿಕೊಂಡು ವಿವರಿಸಿದಳು. ಮೆಮೊರಿ ಎಂದರೆ ನಡುಮನೆ. ಅಲ್ಲಿ ಜಾಗ ಸಾಲದಾದಾಗ ಸದ್ಯಕ್ಕೆ ಬೇಡದ್ದನ್ನು ಡಿಸ್ಕಿನ ಅಟ್ಟಕ್ಕೇರಿಸುತ್ತಾರೆ, ಅದೇ ಸ್ವಾಪ್. ಹತ್ತಿ ಇಳಿಯುವುದರಲ್ಲೇ ಸರ್ವರಿಗೆ ಏದುಸಿರು. ಅತ್ತೆಯ ಪ್ರೋಗ್ರಾಮು ಧ್ವನಿಯ ದೊಡ್ಡ ಫೈಲೊಂದನ್ನು ಬೇಕಾದಾಗ ತೆಗೆದುಕೊಳ್ಳುತ್ತೇನೆಂದು ತನ್ನ ಹೆಸರಿಗೆ ಬರೆಸಿಕೊಂಡಿತ್ತು, ಅಷ್ಟೆ. ಫೈಲು ಡಿಸ್ಕಿನ ಉಗ್ರಾಣದಲ್ಲಿದ್ದ ತನ್ನ ಜಾಗ ಬಿಟ್ಟು ಕದಲಿರಲಿಲ್ಲ. ಪರದೆಗೆ ಈ ಕಾಲಮ್ಮು ಬರೆಯುವ ಹಳೇ ಟೂಲು ಮಾಡುತ್ತಿದ್ದುದೇನು? ಹೆಸರಿಗೆ ಬರೆಸಿಕೊಂಡದ್ದರಲ್ಲಿ ನಡುಮನೆಯಲ್ಲಿ ಕಂಡದ್ದನ್ನು ಕಳೆದು, ಮಿಕ್ಕದ್ದೆಲ್ಲ ಅಟ್ಟದಲ್ಲಿದೆ ಎಂದು ಷರಾ ಬರೆಯುತ್ತಿತ್ತು. ಅಟ್ಟ ಹತ್ತಿ ನೋಡುವ ಗೋಜಿಗೇ ಹೋಗಿರಲಿಲ್ಲ.

"ಸರ್, ನಮ್ಮ ಅಟ್ಟ ಇರೋದೇ ನಾಲ್ಕು ಜಿಬಿ. ಅದರಲ್ಲಿ ಹನ್ನೊಂದು ಹಿಡಿಸೋದು ಹೇಗೆ?"

"ಅದನ್ನೇ ನಾನೂ ಹೇಳ್ತಿರೋದು. ಅಷ್ಟು ತುರುಕಿದ್ರೆ ನಿಧಾನ ಆಗದೆ ಇನ್ನೇನಾಗುತ್ತೆ?"

ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು ಅವಳಿಗೆ. ಅಟ್ಟಕ್ಕೇರಿದ್ದು ನಿಜವಾಗಿ ಎಷ್ಟೆಂದು ಸರ್ವರನ್ನು ಒಳಗಿಂದ ನಡೆಸುವ ಕರ್ನಲ್ಲು ಪ್ರತಿ ಪ್ರೋಗ್ರಾಮಿಗೂ ಬೇರೆಯೇ ಬರೆದಿಡುತ್ತದೆ, ವಿಎಂಸ್ವಾಪ್ ಎಂಬ ಸಾಲಿನಲ್ಲಿ. ಅದನ್ನೂ ತೆರೆದು ತೋರಿಸಿದಳು. ಅತ್ತೆಯ ಮುಂದೆ ಸೊನ್ನೆ. ಅಟ್ಟವನ್ನೆಲ್ಲ ಆಕ್ರಮಿಸಿ ಕೂತಿದ್ದು ಇನ್ನೊಂದು ಪ್ರೋಗ್ರಾಮು. ಮೇಲಿನ ಪಡಸಾಲೆಯ ದೊಡ್ಡ ಟಿವಿಯಲ್ಲಿ ಆಸ್ಪತ್ರೆಯ ಸಾಧನೆಗಳ ಬಣ್ಣಬಣ್ಣದ ಗ್ರಾಫು ಕುಣಿಸುವ ಅದನ್ನು ಆಡಳಿತಾಧಿಕಾರಿಯೇ ಮೊನ್ನೆ ಹಾಕಿಸಿದ್ದರು.

ಅವರ ಮುಖ ಸಪ್ಪಗಾಯಿತು. ಟಿವಿಯ ಮಾತು ಕಿವಿಗೆ ಬಿದ್ದೇ ಇಲ್ಲವೆಂಬಂತೆ ಮತ್ತೆ ಕಾಲಮ್ಮಿಗೇ ಬಂದರು.

"ನಾಳೆ ಟ್ರಸ್ಟಿನವರು ಬಂದು ಇದನ್ನ ನೋಡಿದ್ರೆ ನಾನೇನು ಉತ್ತರ ಕೊಡ್ಲಿ? ಈ ಹನ್ನೊಂದನ್ನ ತೆಗೀತೀರೋ, ಅತ್ತೆನ ತೆಗೀತೀರೋ?"

ಅವಳು ಎರಡು ಕೀಲಿ ಒತ್ತಿದಳು. ಪರದೆಯಿಂದ ಇಡೀ ಕಾಲಮ್ಮೇ ಮಾಯವಾಯಿತು.

"ಹಾಂ! ಈಗ ಸರಿಹೋಯ್ತು ನೋಡಿ. ಇಷ್ಟಕ್ಕೆ ಎಷ್ಟು ಕೊರೆದ್ರಿ!" ಎಂದು ಅವರು ಹಗುರಾಗಿ ಮೆಟ್ಟಿಲು ಹತ್ತಿದರು.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕಾದಿದ್ದರು. ತೆಗೆದುಹಾಕುವ ಮಾತನ್ನು ಆಸ್ಪತ್ರೆಯ ಯಾರೋ ಫೋನಿನಲ್ಲಿ ಹೇಳಿದಾಗಿನಿಂದ ಅವರಿಗೆ ಜೀವದಲ್ಲಿ ಜೀವ ಇರಲಿಲ್ಲ.

"ನನ್ನ ತೆಗೆದುಬಿಟ್ರೇನೇ?"

"ಇಲ್ಲ ಅತ್ತೆ. ಇದ್ದೀರಿ."

"ಮತ್ತೆ ತಪ್ಪು ನಂದಲ್ಲ ಅಂತ ಒಪ್ಕೊಂಡ್ರಾ?"

"ಎಲ್ಲಿ ಒಪ್ತಾರೆ? ನಿಮ್ಮನ್ನ ಕಾಣದ ಹಾಗೆ ಮುಚ್ಚಿಟ್ಟು ಬಂದೆ. ಸರ್ವರು ಇನ್ನೂ ತೆವಳ್ತಾನೇ ಇದೆ. ಆ ಟಿವಿನೂ ಉರೀತಾನೇ ಇದೆ."

ಅಷ್ಟು ಹೇಳುವಷ್ಟರಲ್ಲಿ ದಿನವಿಡೀ ತಡೆದುಕೊಂಡಿದ್ದ ಸಿಟ್ಟು ಕಣ್ಣೀರಾಗಿ ಹರಿಯಿತು. ಅಲ್ಲೇ ಕುರ್ಚಿಗೆ ಕುಸಿದು ಎರಡೂ ಅಂಗೈಯಿಂದ ಕಣ್ಣುಜ್ಜಿಕೊಳ್ಳತೊಡಗಿದಳು.

"ಕಣ್ಣು ಉಜ್ಜಬೇಡ ಅಂದ್ನಲ್ಲ!" ಎಂದರು ಅತ್ತೆ.

ಅವಳು ಬೆಚ್ಚಿ ಕೈ ಇಳಿಸಿದಳು.