ಹೆಬ್ಬೆರಳಿನ ಅಳತೆ

ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ಮಾತ್ರ ನಿಧಾನ. ಆ ಸ್ಪೋರ್ಟ್ಸ್ ಕಾರಿನ ಸಿಟ್ಟಂತೂ ಇಷ್ಟು ವರ್ಷವಾದರೂ ಹೋಗಿಲ್ಲ. ಹೋಗಬೇಕು ಅಂತಲೂ ನನಗನಿಸಿಲ್ಲ.

ಮೂವತ್ತರ ದಶಕದ ಕೊನೆ. ನಮ್ಮ ಯಜಮಾನರದು ಆದವಾನಿಯಲ್ಲಿ ಹತ್ತಿ ವ್ಯಾಪಾರ. ವಿಲಾಯತಿಗೆ ವಾಪಸು ಹೊರಟಿದ್ದ ಬಿಳಿ ದೊರೆಯೊಬ್ಬನಿಂದ ಎರಡೇ ಸೀಟಿನ, ತಲೆ ಮೇಲೆ ಸೂರಿಲ್ಲದ ಆ ಕಾರನ್ನು ಕೊಂಡಿದ್ದರು. ಅದರ ಗಾಲಿ ಎತ್ತರ, ಟೈರು ತೆಳ್ಳಗೆ. ಸವೆದ ಮೇಲೆ ಮದರಾಸಿನಿಂದ ರೈಲಿನಲ್ಲಿ ಗಿಡ್ಡ ಗಾಲಿ, ದಪ್ಪ ಟೈರು ತರಿಸಿ ಹಾಕಿಸಿದರು. ಜೊತೆಗೆ ಇಂಗ್ಲಿಷಿನ ಒಂದು ಚೀಟಿ ಬಂದಿತ್ತು. ಬಳ್ಳಾರಿಯಲ್ಲಿ ಪಾದ್ರಿಗಳ ಶಾಲೆಗೆ ಹೋಗಿದ್ದ ನಾನೇ ಅದನ್ನು ಓದಿದೆ. ಹಳೆಯ ತೆಳ್ಳನೆ ಟೈರಿಗೆ ಹಾಕುತ್ತಿದ್ದ ಗಾಳಿಯ ಅರ್ಧ ಇದಕ್ಕೆ ಸಾಕು, ಹೆಚ್ಚಾದರೆ ಒಡೆದೀತು ಎಂದಿತ್ತು.

ಮರುದಿನ ಬೆಳಿಗ್ಗೆ ಕೌತಾಳಂನ ನನ್ನ ತವರಿನಿಂದ ಹತ್ತಿ ಗಾಡಿ ಹೊಡೆದುಕೊಂಡು ಬಂದ ಆಳು ಬಾಗಿಲಲ್ಲಿ ನಿಂತ.

“ಅವ್ವಾರಿಗೆ ಭಾಳ ಆರಾಮಿಲ್ರಿ. ನಿಮ್ಮನ್ನ ಕೇಳಾಕ ಹತ್ಯಾರ. ಇನ್ನೂ ಮಾತಾಡೂವಾಗ್ಲೇ ಬರ್ರಿ.”

ಉಟ್ಟ ಸೀರೆಯಲ್ಲೇ ಹೊರಟೆ. ಯಜಮಾನರು ಕಾರು ಹೊರಗೆ ತಂದು ಟೈರನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಹತ್ತಿಯವರ ಚಾಳಿ. ಯಂತ್ರದಲ್ಲಿ ಒತ್ತಿ ಕಟ್ಟಿದ ಹತ್ತಿಯ ಅಂಡಿಗೆಯನ್ನು ಹಾಗೇ ಒತ್ತಿ ನೋಡುತ್ತಾರೆ, ಬೆರಳು ಒಳಗಿಳಿದರೆ ಕಟ್ಟಿದ್ದು ಸರಿಯಿಲ್ಲ. ಟೈರು ಮೆತ್ತಗಾಯಿತೆಂದು ಪಂಪು ಹಿಡಿದು ಕೂತರು.

“ಅರ್ಧ ಸಾಕಂತ ಇದರಾಗ ಬರದೈತ್ರಿ,” ಎಂದು ಚೀಟಿ ಚಾಚಿದೆ.

“ಅಂಡಿಗಿ ಒತ್ತಿ ಒತ್ತಿ ಈ ಬೆರಳು ಸವದೈತಿ. ಗಟ್ಟಿ ಯಾವ್ದು, ಮೆತ್ತಗ ಯಾವ್ದು, ನೀ ನನಗ ಕಲಸ್ತಿ ಏನ?”

ಇನ್ನೊಮ್ಮೆ ಹೇಳಿದೆ, ಮತ್ತೂ ಒಮ್ಮೆ ಹೇಳಿದೆ. ಕೋಣನ ಮುಂದೆ ಕಿನ್ನರಿ. ನಾಲ್ಕೂ ಟೈರು ಕಲ್ಲಾಗುವ ತನಕ ಬಿಡಲಿಲ್ಲ. ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ ಪಕ್ಕದಲ್ಲಿ ಕೂತೆ.

ಎರೆಹೊಲಗಳ ನಡುವಿನ ಕಲ್ಲು ರಸ್ತೆ, ಉರಿಬಿಸಿಲು. ಕಾರು ಓಡುವುದಕ್ಕಿಂತ ಹಾರುವುದೇ ಹೆಚ್ಚಾಗಿತ್ತು. ಅರ್ಧ ದಾರಿಯಲ್ಲಿ ಮುಂದಿನ ಟೈರು ಮದ್ದು ಸಿಡಿದ ಹಾಗೆ ಸಿಡಿಯಿತು. ಹಿಂದೆ ಕಟ್ಟಿದ್ದ ಹೆಚ್ಚಿನ ಗಾಲಿಯೋ ಹಳೆಯದು, ಎತ್ತರದ್ದು, ಅಲ್ಲಿ ಕೂಡಲಿಲ್ಲ.

ಒಂದು ಗಿಡದ ನೆರಳೂ ಇಲ್ಲದ ಆ ಬಯಲಲ್ಲಿ ಹೊತ್ತು ನೆತ್ತಿಗೆ ಬರುವವರೆಗೆ ನಿಂತೆವು. ಆದವಾನಿ ಕಡೆಗೆ ಹೊರಟ ಬಸ್ಸೊಂದು ಕೊನೆಗೆ ಬಂತು. ಅದರ ಡ್ರೈವರು ಇಳಿದು ಬಂದು ಉಳಿದ ಟೈರನ್ನು ಒದ್ದು ನೋಡಿದ.

“ಇಷ್ಟು ಗಾಳಿ ಯಾರ್ರೀ ಹೊಡದದ್ದು? ದಪ್ಪ ಟೈರಿಗೆ ಅರ್ಧ ಸಾಲ್ತೈತಿ ಸಾಹೇಬ್ರ.”

“ಹೌದೇನು? ಮೊದಲ ಗೊತ್ತಿದ್ರ ಛಲೋ ಆಗ್ತಿತ್ತು,” ಎಂದು ಯಜಮಾನರು ಕೂಡಲೇ ಬಗ್ಗಿ ಮೂರೂ ಟೈರಿನ ಅರ್ಧ ಗಾಳಿ ಬಿಟ್ಟರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಾನು ಅಲ್ಲೇ ನಿಂತಿದ್ದೆ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಡ್ರೈವರು ಪುಣ್ಯಾತ್ಮ, ಟ್ಯೂಬಿಗೆ ತೇಪೆ ಹಾಕಿ, ಒಡೆದ ಟೈರಿನೊಳಗೆ ಹಳೆಯ ಟೈರಿನ ತುಂಡೊಂದನ್ನು ಒತ್ತುಕೊಟ್ಟು ಕಳಿಸಿದ.

ಮನೆ ಮುಟ್ಟಿದಾಗ ಅವ್ವನಿಗೆ ಉಸಿರಿತ್ತು, ಎಚ್ಚರವಿರಲಿಲ್ಲ. ಕೈ ಹಿಡಿದೆ, ಕರೆದೆ, ಹಣೆಗೆ ವಿಭೂತಿ ಹಚ್ಚಿದೆ. ಕಣ್ಣು ಬಿಡಲಿಲ್ಲ.

“ಮಧ್ಯಾಹ್ನದ ತನಕ ಮಾತಾಡಿದ್ರು. ಮೋಟಾರ್ ಸಪ್ಪಳ ಬಂತೇನ್ ನೋಡು, ಮಗಳು ಬಂದಿರಬೇಕು ಅಂತ ನನ್ನ ನಾಕು ಸಲ ಹೊರಗ ಕಳಿಸಿದ್ರು,” ಎಂದಳು ಅತ್ತಿಗೆ.

ಸಂಜೆ ದೀಪ ಹಚ್ಚುವ ಮೊದಲೇ ಅವ್ವ ಹೋದಳು.

ಮೂರನೆಯ ದಿನ ಮಾತಾಡಿಸಲು ಬಂದ ಗಂಡಸರು ಕಟ್ಟೆಯ ಮೇಲೆ ಕೂತಿದ್ದರು. ತಡವಾದದ್ದು ಯಾಕೆಂದು ಯಾರೋ ಕೇಳಿದರು. ಯಜಮಾನರ ದನಿ ಒಳಗೆ ಕೇಳಿಸಿತು.

“ಗಾಲಿ ಬದಲಿ ಮಾಡಿದ ಮ್ಯಾಲ ಗಾಳಿ ಇಳಸಬೇಕ್ರಿ. ಭಾಳ ಮಂದಿಗೆ ಅದು ಗೊತ್ತಿರಂಗಿಲ್ಲ.”

ನಾನು ಎದ್ದು ಹೊರಗೆ ಹೋದೆ. ಅಷ್ಟು ಗಂಡಸರ ನಡುವೆ ಹಾಗೆ ಹೋದದ್ದು ಅದೇ ಮೊದಲು. ಸೀರೆ ಬದಲಿಸಿದರೂ ಬಿಡದೆ ಸೊಂಟದಲ್ಲೇ ಇಟ್ಟುಕೊಂಡಿದ್ದ ಚೀಟಿ ತೆಗೆದು ಯಜಮಾನರ ಕೈಗಿಟ್ಟೆ.

“ಎಲ್ಲಾರಿಗೂ ಕೇಳೂ ಹಂಗ ಇದನ್ನ ಓದ್ರಿ.”

ಅವರಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ.