ಕಟ್ಟೆಯ ಮೇಲಿನ ಮೆಂಬರು

ಎಂಬತ್ತರ ದಶಕದ ಕೊನೆಯಲ್ಲಿ ಜಗಳೂರು ಸೀಮೆಯ ಒಂದು ಮಂಡಲ ಪಂಚಾಯಿತಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಊರಾಚೆಯ ಕೇರಿಯಿಂದ ಮೀಸಲು ಸ್ಥಾನದಲ್ಲಿ ಗೆದ್ದು ಬಂದ ಮೆಂಬರೊಬ್ಬರು ಅಲ್ಲಿದ್ದರು. ಸಭೆಯ ದಿನ ಎಲ್ಲರಿಗಿಂತ ಮೊದಲು ಬರುವವರು ಅವರೇ. ಒಗೆದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ಬಂದವರು ಆಫೀಸಿನ ಹೊರಗಿನ ಕಟ್ಟೆಯ ಮೇಲೆ ಕೂತು ಬಾಗಿಲಿಗೆ ಕಿವಿಗೊಡುತ್ತಿದ್ದರು. ಒಳಗೆ ಅವರ ಕುರ್ಚಿ ಖಾಲಿ ಇರುತ್ತಿತ್ತು.

"ಒಳಗೆ ಬರ್ರೀ" ಎಂದು ನಾನು ಕರೆದರೆ, "ಇರ್ಲಿ ಬಿಡ್ರೀ ಸಾಮಿ, ಇಲ್ಲೇ ಗಾಳಿ ಚೆಂದಾಗೈತೆ" ಎನ್ನುತ್ತ ಟವೆಲ್ಲಿನಿಂದ ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದರು.

ಒಮ್ಮೆ ಜಿಲ್ಲೆಯಿಂದ ಬಂದ ಸಾಹೇಬರೊಬ್ಬರು ಅವರ ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದರು. "ಇದು ನಿಮ್ಮ ಹಕ್ಕು ಕಣ್ರೀ, ಯಾರಿಗೂ ಹೆದರಬೇಡಿ" ಎಂದರು. ಮೆಂಬರು ಕುರ್ಚಿಯ ತುದಿಯಲ್ಲಿ ಕೂತು, ನಾಚಿಕೊಂಡು ನಕ್ಕು, ಜೇಬಿನಿಂದ ಪೆನ್ನು ತೆಗೆದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಾಹೇಬರ ಜೀಪು ಹೊರಟಿತು. ಉಳಿದ ಮೆಂಬರುಗಳು ಒಬ್ಬೊಬ್ಬರಾಗಿ ಎದ್ದು ಹೊರಗೆ ನಡೆದರು. ಕಟ್ಟೆಯ ಮೇಲೆ ಕೂತ ಮಂಡಲ ಪ್ರಧಾನರು ನನ್ನನ್ನು ಕೂಗಿದರು:

"ಗುಮಾಸ್ತರೇ, ಸಭೆ ಇಲ್ಲೇ ಮಾಡಾನ ಬರ್ರೀ. ಇಲ್ಲೇ ಗಾಳಿ ಚೆಂದಾಗೈತೆ."

ಒಳಗೆ ಖಾಲಿ ಕುರ್ಚಿಗಳ ನಡುವೆ ಮೆಂಬರು ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡೇ ಕೂತಿದ್ದರು.