ಬಿಸಿಗಾಳಿ ಹೊರಗೆ ಹೋಗುವುದೆಲ್ಲಿಂದ?

ಫ್ಯಾನನ್ನು ಯಾರೂ ಹೊಗಳುವುದಿಲ್ಲ. ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ ರೈಲು ಹತ್ತಿ ನೋಡಿ: ತಲೆಯ ಮೇಲೆ ತಿರುಗುತ್ತಿರುವಷ್ಟು ಹೊತ್ತೂ ಅದು ಯಾರ ಕಣ್ಣಿಗೂ ಬೀಳದು, ನಿಂತಿತೋ, ಮಹಿಳಾ ಡಬ್ಬಿಯ ಸಮಸ್ತರೂ ತಂತ್ರಜ್ಞೆಯರಾಗಿಬಿಡುತ್ತಾರೆ, ಒಬ್ಬಾಕೆ ಬ್ಯಾಗಿನಿಂದ ಬಾಚಣಿಗೆ ತೆಗೆದು ಜಾಲರಿಯೊಳಗೆ ತೂರಿಸಿ ರೆಕ್ಕೆಯನ್ನೊಮ್ಮೆ ತಳ್ಳುತ್ತಾಳೆ, ಅದು ಗರ್ರೆಂದು ಎಚ್ಚೆತ್ತು ಮತ್ತೆ ವಿಸ್ಮೃತಿಗೆ ಸಲ್ಲುತ್ತದೆ. ಇಷ್ಟು ನಿಷ್ಕಾಮವಾಗಿ ದುಡಿಯುವ ವಸ್ತುವಿನ ಬಗ್ಗೆ ನಾನೂ ಈ ಬೇಸಿಗೆಯವರೆಗೆ ಒಂದು ನಿಮಿಷ ಯೋಚಿಸಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಒಪ್ಪಿಕೊಳ್ಳುವುದು ನನ್ನ ಅಭ್ಯಾಸವಲ್ಲ ಎಂಬುದನ್ನೂ ಹೇಳಿಬಿಡಬೇಕು. ಕಾಲೇಜಿನುದ್ದಕ್ಕೂ ಚರ್ಚಾಸ್ಪರ್ಧೆಯ ವೇದಿಕೆ ಹತ್ತಿದವಳು ನಾನು. ಎದುರಾಳಿ ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದರೂ ಪುರಾವೆ ಕೇಳುವವಳು.

ಯೋಚಿಸಬೇಕಾಗಿ ಬಂದದ್ದು ತಂಗಿ ಪ್ರಾಪ್ತಿಯಿಂದ. ಆನಿಮೇಶನ್ ಕಲಿಸುವ ಕಾಲೇಜೊಂದರ ಪ್ರವೇಶಕ್ಕೆಂದು ಅವಳು ಆರು ತಿಂಗಳು ಕೂತು ಐದು ನಿಮಿಷದ ಚಿತ್ರವೊಂದನ್ನು ಮಾಡಿದ್ದಳು: ಮುಂಬ್ರಾದ ಖಾಡಿಯ, ಎಂದರೆ ಕಡಲ ಹಿನ್ನೀರಿನ, ಏಡಿಯೊಂದು ರೈಲುಹಳಿ ದಾಟಿ ಹೊಸ ಬಿಲ ಹುಡುಕುವ ಕಥೆ. ಕೊನೆಯ ಕೆಲಸ ಕಂಪ್ಯೂಟರಿನದು. ಅದು ಒಂದೊಂದೇ ಚಿತ್ರವನ್ನು ಬಣ್ಣ ಬೆಳಕು ನೆರಳುಗಳೊಂದಿಗೆ ತಾನೇ ಬಿಡಿಸಿ ಸಿನಿಮಾ ಕಟ್ಟಬೇಕು, ಎಂಟು ತಾಸು ಎಡೆಬಿಡದೆ. ನಡುವೆ ನಿಂತರೆ ಮೊದಲಿನಿಂದ. ನಾನೇ ಬಿಡಿಭಾಗ ತಂದು ಜೋಡಿಸಿದ ನಮ್ಮ ಕಂಪ್ಯೂಟರಾದರೋ ನಲವತ್ತು ನಿಮಿಷಕ್ಕೆ ಕಾದು ಕೆಂಡವಾಗಿ, ತನ್ನ ಪ್ರಾಣ ತಾನೇ ಉಳಿಸಿಕೊಳ್ಳಲು ತಟ್ಟನೆ ಆರಿಹೋಗುತ್ತಿತ್ತು. ಚಿತ್ರ ಸಲ್ಲಿಸಲು ಸೋಮವಾರ ಮಧ್ಯಾಹ್ನ ಕಡೆಯ ಗಡುವು. ಅಂದು ಶನಿವಾರ.

ಸಮಸ್ಯೆಯೊಂದು ಎದುರಾದರೆ ಚರ್ಚಾಪಟು ಮಾಡುವುದೇನು? ಓದುತ್ತಾಳೆ. ಫ್ಯಾನುಗಳಲ್ಲಿ ಎರಡು ಸಂಪ್ರದಾಯಗಳುಂಟೆಂದು ತಿಳಿಯಿತು. ಒಂದು ವಿಶಾಲ ಹೃದಯದ್ದು, ಎದುರಿಗೆ ಅಡ್ಡಿ ಇಲ್ಲದಿದ್ದರೆ ಧಾರಾಳವಾಗಿ ಗಾಳಿ ಹರಿಸುತ್ತದೆ, ಜಾಲರಿ ಕಂಡರೆ ಸೋಲುತ್ತದೆ. ಇನ್ನೊಂದು ಹಠಮಾರಿ, ಗಾಳಿ ಕಡಿಮೆಯಾದರೂ ಸಂದಿಗೊಂದಿಯಲ್ಲಿ ನುಗ್ಗಿಸಿಯೇ ತೀರುತ್ತದೆ. ಸ್ವಭಾವಸಾಮ್ಯದಿಂದ ಎರಡನೆಯದೇ ನನಗೆ ಹಿಡಿಸಿತು. ಠಾಣೆ ಸ್ಟೇಷನ್ನಿನ ಹತ್ತಿರದ ಅಂಗಡಿಯಾತ ಕಾಮನಬಿಲ್ಲಿನಂತೆ ಮಿನುಗುವ ಮೂರನೆಯ ಸಂಪ್ರದಾಯವೊಂದನ್ನು ಮುಂದಿಟ್ಟು, "ಮೇಡಂ, ಲೈಟ್‌ವಾಲಾ ಲೇಲೋ, ದೇಖ್ ಕೆ ಹೀ ಠಂಡಾ ಲಗತಾ ಹೈ" ಎಂದ. ನೋಡಿದರೇ ತಂಪಾಗುತ್ತದೆ ಎಂಬ ವಾದವನ್ನು ನಾನು ಮೂರೇ ವಾಕ್ಯಗಳಲ್ಲಿ ಖಂಡಿಸಿ, ಐದು ಕಪ್ಪು ಫ್ಯಾನುಗಳನ್ನೂ ಒಂದು ನಿಯಂತ್ರಕವನ್ನೂ ತಂದೆ. ನಿಯಂತ್ರಕವೆಂದರೆ ಬೆಂಕಿಪೊಟ್ಟಣದಷ್ಟಿರುವ ಡಬ್ಬಿ. ಎಲ್ಲ ಫ್ಯಾನುಗಳ ಲಗಾಮೂ ಅದರ ಕೈಯಲ್ಲಿ, ಬಿಸಿ ಏರಿದಂತೆ ಅದು ಅವುಗಳ ವೇಗ ಏರಿಸುತ್ತದೆ.

ಇನ್ನು ತರ್ಕ. ತಣ್ಣನೆ ಗಾಳಿ ಒಳಗೆ ಬಂದರೆ ತಂಪು. ಹೆಚ್ಚು ಬಂದರೆ ಹೆಚ್ಚು ತಂಪು. ಆದ್ದರಿಂದ ಐದೂ ಫ್ಯಾನುಗಳು ಒಳಮುಖ. ಈ ನಿರ್ವಿರೋಧ ಮಂತ್ರಿಮಂಡಲವನ್ನು ಸ್ಥಾಪಿಸಿ ಗುಂಡಿ ಒತ್ತಿದೆ. ಯಂತ್ರ ಹೂಂಕರಿಸಿತು, ನಿಟ್ಟುಸಿರಿಟ್ಟಿತು, ಮತ್ತೆ ಹೂಂಕರಿಸಿತು, ಮೂವತ್ತೈದನೆಯ ನಿಮಿಷಕ್ಕೆ ಆರಿಹೋಯಿತು. ಮೊದಲಿಗಿಂತ ಐದು ನಿಮಿಷ ಬೇಗ.

"ಅಕ್ಕಾ, ತೂ ರೆಹನೇ ದೇ," ಅಂದಳು ಪ್ರಾಪ್ತಿ. ನೀನು ಬಿಟ್ಟುಬಿಡು ಎಂದರ್ಥ. ಜಗಳವಾಡಿದ್ದರೆ ಗೆಲ್ಲುತ್ತಿದ್ದೆ, ಅವಳು ಅಷ್ಟಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

ಭಾನುವಾರ ಬೆಳಿಗ್ಗೆ ವಾಶಿಯಿಂದ ಸಂಜೀವ ಮಾವ ಬಂದರು. ಅಮ್ಮನ ಅಣ್ಣ; ಅಲ್ಲಿನ ಒಂದು ಹೋಟೆಲಿನ ಅಡುಗೆಮನೆಯನ್ನು ಮೂವತ್ತು ವರ್ಷದಿಂದ ಆಳುತ್ತಿರುವವರು. ಮಾರ್ಕೆಟ್ಟಿನಲ್ಲಿ ಒಳ್ಳೆಯ ಕೆಸುವಿನೆಲೆ ಕಂಡರೆ ತಂಗಿಗೆ ಪತ್ರೊಡೆಗೆಂದು ಕಟ್ಟು ಹಿಡಿದು ಬರುವುದು ಅವರ ರೂಢಿ. ನಾನು ಮತ್ತೊಮ್ಮೆ ಚಾಲೂ ಮಾಡಿದ್ದ ಯಂತ್ರದ ಸದ್ದಿಗೆ ಚಪ್ಪಲಿ ಬಿಡುತ್ತಲೇ ಕಿವಿ ನಿಮಿರಿಸಿದರು.

"ಎಂತದಿದು, ಗ್ರೈಂಡರಿಗೆ ಅಕ್ಕಿ ಹಾಕಿದ್ದಾ?"

"ಕಂಪ್ಯೂಟರ್, ಮಾವ."

ಕಷ್ಟವೇನೆಂದು ಅಮ್ಮನೇ ಹೇಳಿದಳು. ಮಾವ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ದೋಸೆಕಲ್ಲಿನ ಕಾವು ನೋಡುವಂತೆ ಅಂಗೈಯನ್ನು ನಾಲ್ಕೂ ಬದಿ ಸುತ್ತಾಡಿಸಿದರು. "ಐದು ಫ್ಯಾನ್ ಉಂಟು. ಬಿಸಿಗಾಳಿ ಹೊರಗೆ ಹೋಗುವುದೆಲ್ಲಿಂದ?"

ನಾನು ಬಗ್ಗಿ ಫ್ಯಾನುಗಳನ್ನು ಒಂದೊಂದಾಗಿ ಎಣಿಸಿದೆ: ಐದೂ ಒಳಮುಖ.

ಅವರು ದೇವರ ಗೂಡಿನಿಂದ ಊದುಬತ್ತಿ ತಂದು ಹಚ್ಚಿದರು. ಇದು ದೈವಭಕ್ತಿಯಲ್ಲ, ವೃತ್ತಿಧರ್ಮ. ಹೋಟೆಲಿನಲ್ಲಿ ಹೊಗೆ ಎಳೆಯುವ ಫ್ಯಾನಿನ ತಾಕತ್ತನ್ನು ಅವರು ಪರೀಕ್ಷಿಸುವುದು ಹೀಗೆಯೇ. ಹೊಗೆಯ ಎಳೆ ಯಾವ ಕಡೆ ಬಾಗುತ್ತದೋ ಗಾಳಿಯ ದಾರಿ ಅದು. ನಮ್ಮ ಕಂಪ್ಯೂಟರಿನ ಡಬ್ಬಿಯ ಸುತ್ತ ಬತ್ತಿ ಹಿಡಿದರೆ ಹೊಗೆ ಎಲ್ಲ ಕಡೆಯಿಂದಲೂ ಒಳಗೇ ಹೋಯಿತು, ಒಳಗೇ ಸುಳಿಸುಳಿಯಾಗಿ ನಿಂತಿತು. "ಸಂಜೆ ಆರರ ಲೋಕಲ್," ಅಂದರು ಮಾವ. "ಹತ್ತುವವರೇ ಎಲ್ಲ, ಇಳಿಯುವವರಿಲ್ಲ. ಹಿಂದಿನ ಒಂದು, ಮೇಲಿನ ಎರಡು ತಿರುಗಿಸಿ ಹಾಕು, ಹೊರಗೆ ಊದಲಿ. ಅದಕ್ಕೇ ಜೋರು ಕೊಡು. ಅಡುಗೆಮನೆಯಲ್ಲಿ ಯಾವಾಗಲೂ ಹೊರಗೆ ಹೋಗುವುದು ಜಾಸ್ತಿ ಇರಬೇಕು, ಇಲ್ಲದಿದ್ರೆ ಒಗ್ಗರಣೆ ಘಾಟು ಗಿರಾಕಿಯ ಮೂಗಿಗೆ."

"ಹಾಗಲ್ಲ ಮಾವ, ಕಂಪ್ಯೂಟರಿಗೂ ಅಡುಗೆಮನೆಗೂ..." ಎಂದು ನಾನು ಶುರುವಿಟ್ಟೆ.

"ಮಾತಾಡ್ತಾ ಸ್ಕ್ರೂ ತಿರುಗಿಸು ಮಾರಾಯ್ತಿ, ಕೈಗೆ ಕಿವಿ ಇಲ್ಲ."

ಮೂರು ಫ್ಯಾನುಗಳನ್ನು ತಿರುಗಿಸಿ ಕೂರಿಸಿ, ನಿಯಂತ್ರಕದಲ್ಲಿ ಅವಕ್ಕೆ ವೇಗ ಹೆಚ್ಚಿಸಿದೆ. ಅವರು ಮತ್ತೆ ಬತ್ತಿ ಹಿಡಿದರು. ಮೇಲಿನಿಂದ ಹೊಗೆ ಸೊಗಸಾಗಿ ಹೊರಬಿತ್ತು. ಮಾವ ಗೆದ್ದರೆಂದು ಮನಸ್ಸಿನಲ್ಲೇ ಅಂಕ ಹಾಕುತ್ತಿರುವಾಗ ಅವರ ಬತ್ತಿ ಹಿಂಬದಿಯ ಸಣ್ಣ ಸಂದುಗಳ ಬಳಿ ನಿಂತುಬಿಟ್ಟಿತು. ಅಲ್ಲೆಲ್ಲ ಹೊಗೆ ಒಳಕ್ಕೆ ಎಳೆಯಲ್ಪಡುತ್ತಿತ್ತು. ಅವರು ಸಂದಿಗೆ ಬೆರಳು ಒರೆಸಿ ನೋಡಿದರು: ಕಾರ್ಖಾನೆ ಕಡೆಯಿಂದ ಬಂದು ನಮ್ಮೂರಿನ ಕಿಟಕಿಗಳಲ್ಲೆಲ್ಲ ಕೂರುವ ಬೂದು ಧೂಳು.

"ತಪ್ಪಿದೆ ನಾನು," ಅಂದರು ಮಾವ, ಉಪ್ಪು ಕಡಿಮೆ ಆಯಿತು ಎನ್ನುವಷ್ಟೇ ಸಲೀಸಾಗಿ. "ಇದು ಅಡುಗೆಮನೆ ಅಲ್ಲ. ಇದು ಗಿರಾಕಿ ಕೂರುವ ಹಾಲ್. ಹಾಲ್‌ಗೆ ಒಳಗೆ ಬರುವ ಗಾಳಿ ಒಂದು ಚೂರು ಜಾಸ್ತಿ ಬೇಕು, ಆಗ ಸಂದಿಯಿಂದ ಕಸ ಬರುವುದಿಲ್ಲ. ಎದುರು ಮೂರು ಒಳಗೆ, ಹಿಂದೆ ಮೇಲೆ ಒಂದೊಂದು ಹೊರಗೆ. ನೀ ಹೇಳಿದ್ದೂ ಅರ್ಧ ಸರಿಯೇ."

ಓದುಗರೇ, ನಾನು ಎಷ್ಟೋ ವಾಗ್ಮಿಗಳನ್ನು ಕೇಳಿದ್ದೇನೆ, ಕೆಲವರನ್ನು ಸೋಲಿಸಿಯೂ ಇದ್ದೇನೆ. ಆದರೆ ತನ್ನ ಪಕ್ಷ ಮಂಡಿಸಿ ಐದು ನಿಮಿಷವಾಗುವ ಮೊದಲೇ, ಯಾರೂ ಖಂಡಿಸದೆ, ಒಂದು ಎಳೆ ಹೊಗೆಯ ಸಾಕ್ಷ್ಯಕ್ಕೆ ತಲೆಬಾಗಿ ಎದುರಿನ ಸಾಲಿಗೆ ಎದ್ದುಹೋಗಿ ಕೂತವರನ್ನು ನೋಡಿದ್ದು ಅದೇ ಮೊದಲು. ನಮ್ಮ ವೇದಿಕೆಯಲ್ಲಿ ಅದನ್ನು ಸೋಲು ಎನ್ನುತ್ತೇವೆ. ಮಾವನ ಅಡುಗೆಮನೆಯಲ್ಲಿ ಅದಕ್ಕೆ ಹೆಸರೇ ಇಲ್ಲ. ಹೆಸರಿಡಲು ಪುರಸೊತ್ತಿಲ್ಲದಷ್ಟು ಅದು ದಿನದಿನದ ಕೆಲಸ.

ಫ್ಯಾನುಗಳನ್ನು ಹಾಗೇ ಕೂರಿಸಿದ ಮೇಲೆ ನಿಯಂತ್ರಕದ ವಿಷಯದಲ್ಲೂ ಅವರದೇ ತೀರ್ಪು. ಬಿಸಿ ಏರಿದಾಗ ಏರುವುದು, ಇಳಿದಾಗ ಇಳಿಯುವುದು ಎಂದು ನಾನಿಟ್ಟಿದ್ದ ಜಾಣ ವ್ಯವಸ್ಥೆಯನ್ನು ಕೇಳಿ ನಕ್ಕರು. "ಒಂದೊಂದು ದೋಸೆಗೂ ಯಾರಾದರೂ ಫ್ಯಾನ್ ಹೆಚ್ಚು ಕಮ್ಮಿ ಮಾಡ್ತಾರಾ? ಊಟದ ರಶ್ ಶುರು ಆಗುವ ಮೊದಲೇ ಹದಕ್ಕೆ ಇಟ್ಟುಬಿಡಬೇಕು. ಮತ್ತೆ ಮುಟ್ಟಬಾರದು." ಹಾಗೇ ಮಧ್ಯಮ ವೇಗದಲ್ಲಿ ಇಟ್ಟೆವು. ಹತ್ತೂವರೆಗೆ ಪ್ರಾಪ್ತಿ ಎದ್ದು ಬಂದು, ನನ್ನ ಮುಖ ನೋಡದೆ, ಗುಂಡಿ ಒತ್ತಿದಳು.

ಮೂವತ್ತೈದು ನಿಮಿಷ ದಾಟಿತು. ನಲವತ್ತು ದಾಟಿತು. ಅಮ್ಮ ಪತ್ರೊಡೆ ಬೇಯಿಸಿದಳು, ತಿಂದೆವು. ವಾಶಿಯ ಲೈನಿನಲ್ಲಿ ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್ ಇದೆ, ಈಗ ಹೋಗಿ ಪ್ರಯೋಜನವಿಲ್ಲ ಎಂದು ಮಾವ ಅಲ್ಲೇ ಚಾಪೆಯ ಮೇಲೆ ಒರಗಿದರು. ನಾಲ್ಕಕ್ಕೆ ಬ್ಲಾಕ್ ಮುಗಿಯಿತೆಂದು ನಾನು ಫೋನು ನೋಡಿ ಹೇಳಿದರೆ, "ಹೌದಾ, ನೋಡುವ" ಎಂದು ಮಗ್ಗುಲು ಬದಲಿಸಿದರು.

ಆರೂಮುಕ್ಕಾಲಿಗೆ ಕೊನೆಯ ಚಿತ್ರವೂ ಮೂಡಿತು. ಪ್ರಾಪ್ತಿ ಸಿನಿಮಾವನ್ನು ಕಾಲೇಜಿಗೆ ಕಳಿಸಿದಳು. ತಲುಪಿತೆಂಬ ಹಸಿರು ಗುರುತು ಬಂತು. ಆಗ ಮಾವ, "ಒಮ್ಮೆ ತೋರಿಸು ಮಾರಾಯ್ತಿ, ನಿನ್ನ ಏಡಿಯನ್ನು" ಅಂದರು. ಎಲ್ಲರೂ ನೆಲದ ಮೇಲೆ ಕೂತೆವು. ಏಡಿ ಕೆಸರಿನಿಂದ ಎದ್ದು, ಜಲ್ಲಿಕಲ್ಲು ಹತ್ತಿ, ಹಳಿಯ ಉಕ್ಕಿನ ಮೇಲೆ ಕಾಲಿಟ್ಟಿತು. ಟಿಕ್, ಟಿಕ್, ಟಿಕ್. ಸ್ಟೀಲ್ ತಟ್ಟೆಯ ಮೇಲೆ ಉಗುರಿನಿಂದ ಬಡಿದಂಥ ಪುಟ್ಟ ಸದ್ದು. ಯಂತ್ರದ ಹೂಂಕಾರದ ನಡುವೆ ಈ ಚಿತ್ರದ ತುಣುಕುಗಳನ್ನು ಎಷ್ಟೋ ಸಲ ನೋಡಿದ್ದೆ, ಈ ಸದ್ದು ಕೇಳಿದ್ದು ಇದೇ ಮೊದಲು.

"ಇದನ್ನು ಯಾವಾಗ ಸೇರಿಸಿದೆ?" ಎಂದು ಕೇಳಿದೆ.

"ಪೆಹಲೇ ಸೇ ಥಾ, ಅಕ್ಕಾ," ಅಂದಳು ಪ್ರಾಪ್ತಿ. ಮೊದಲಿನಿಂದಲೂ ಇತ್ತು.